ಇಂದು ನಮ್ಮಿಂದ ಅಗಲಿದಳು

ಸತ್ತ ಮಗುವನ್ನು ಸಮುದ್ರಕ್ಕೆ ಹಾಕುವುದು ಹೇಗೆಂದು ನಾನು ಕೇಳಿದ್ದು ಪರ್ತ್‌ನ ಮೋರ್ಲಿಯಲ್ಲಿ, ಒಂದು ಅಡುಗೆಮನೆಯ ಮೇಜಿನ ಮುಂದೆ ಕೂತು. ಹಾಯಿಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಾರಂತೆ. ಮುಳುಗಲಿ ಎಂದು ಕಾಲಿನ ಹತ್ತಿರ ಒಂದು ಕಲ್ಲೋ ಕಬ್ಬಿಣದ ತುಂಡೋ ಇಡುತ್ತಾರಂತೆ. ಹಲಗೆಯ ಮೇಲೆ ಮಲಗಿಸಿ, ಪ್ರಾರ್ಥನೆ ಮುಗಿಯುತ್ತಲೇ ಹಲಗೆಯನ್ನು ಓರೆ ಮಾಡುತ್ತಾರಂತೆ. ಇದನ್ನೆಲ್ಲ ಹೇಳಿದವರು ಎಂಬತ್ತನಾಲ್ಕು ವರ್ಷದ ಒಬ್ಬ ಅಜ್ಜಿ. ಹೇಳುತ್ತಿದ್ದ ಹಾಗೇ ಅವರ ಅಂಗೈ ಮೇಜಿನ ಮೇಲೆ ನಿಧಾನವಾಗಿ ಓರೆಯಾಯಿತು. ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡೆ.

ಅದು ೨೦೧೨. ನಾವು ಪರ್ತ್‌ಗೆ ಬಂದು ಒಂದು ವರ್ಷವಾಗಿತ್ತು. ನನ್ನ ಗಂಡ ಗಣಿ ಎಂಜಿನಿಯರ್. ಎರಡು ವಾರ ಗಣಿಯಲ್ಲಿದ್ದರೆ ಒಂದು ವಾರ ಮನೆಯಲ್ಲಿ. ಮಗಳು ಆಗಷ್ಟೇ ಸ್ಕೂಲಿಗೆ ಸೇರಿದ್ದಳು. ಮೈಸೂರಿನಲ್ಲಿ ನಾನು ಹೈಸ್ಕೂಲಿನ ಇತಿಹಾಸದ ಮೇಡಂ ಆಗಿದ್ದೆ. ಆ ಇತಿಹಾಸ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಕೆಲವು ವಾರದ ತರಬೇತಿ ಮುಗಿಸಿ, ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ ಹಿಡಿದೆ. ಸ್ನಾನ ಮಾಡಿಸುವುದು, ಟೋಸ್ಟ್ ಮಾಡಿ ಕೊಡುವುದು, ಮಾತ್ರೆ ತಗೊಂಡರಾ ಅಂತ ನೋಡುವುದು. ಅಜ್ಜಿಯ ಮನೆಗೆ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೆ. ಹೆಸರು ಹಿಡಿದು ಕರಿ ಎಂದು ಅವರೇ ಹೇಳಿದ್ದರು. ನನ್ನ ನಾಲಿಗೆಗೆ ಅದು ಒಗ್ಗಲಿಲ್ಲ. ಎದುರಿಗೆ ಏನೂ ಕರೆಯದೆ, ಮನಸ್ಸಿನಲ್ಲಿ ಅಜ್ಜಿ ಎನ್ನುತ್ತಿದ್ದೆ.

ಅವರು ಆಸ್ಟ್ರೇಲಿಯಾದವರಲ್ಲ. ಹುಟ್ಟಿದ್ದು ಅಮೆರಿಕದ ನಡುಭಾಗದ ಅಯೋವಾದಲ್ಲಿ, ಮುಸುಕಿನ ಜೋಳ ಬೆಳೆಯುವ ಒಂದು ಹೊಲದ ಮನೆಯಲ್ಲಿ. ಬೇಸಾಯದ ಯಂತ್ರಗಳ ಕೆಲಸ ಕಲಿಯಲು ಅಲ್ಲಿಗೆ ಬಂದಿದ್ದ ಆಸ್ಟ್ರೇಲಿಯಾದ ಹುಡುಗನನ್ನು ಮದುವೆಯಾಗಿ, ಹಡಗಿನಲ್ಲಿ ಬಂದು ಫ್ರೀಮ್ಯಾಂಟಲ್‌ನಲ್ಲಿ ಇಳಿದಿದ್ದರು. ನಲವತ್ತು ವರ್ಷ ಒಳನಾಡಿನಲ್ಲಿ ಗೋಧಿ ಬೆಳೆದರು. ಗಂಡ ತೀರಿಕೊಂಡ ಮೇಲೆ ಹೊಲ ಮಾರಿ ಮೋರ್ಲಿಗೆ ಬಂದರು. ಮಗ ಅಡಿಲೇಡ್‌ನಲ್ಲಿ, ಮಗಳು ಬ್ರಿಸ್ಬೇನ್‌ನಲ್ಲಿ. ಕಣ್ಣಿನ ನಡುವಿನ ದೃಷ್ಟಿ ಹೋಗಿತ್ತು. ನೇರವಾಗಿ ನೋಡಿದರೆ ಏನೂ ಕಾಣದು, ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಹಾಗಾಗಿ ನನ್ನ ಜೊತೆ ಮಾತಾಡುವಾಗ ಯಾವಾಗಲೂ ಕಿಟಕಿಯ ಕಡೆ ಮುಖ ಮಾಡುತ್ತಿದ್ದರು.

ನಾನು ಇತಿಹಾಸದ ಮೇಡಂ ಆಗಿದ್ದೆ ಅಂತ ತಿಳಿದ ದಿನವೇ ಕೇಳಿದರು, "ಹಾಗಾದರೆ ನಮ್ಮ ಮನೆಯ ಇತಿಹಾಸ ಬರೆದು ಕೊಡ್ತೀಯಾ? ನಾನು ಹೇಳ್ತೀನಿ, ನೀನು ಟೈಪ್ ಮಾಡು."

ಕೆಲಸ ಮುಗಿದ ಮೇಲೆ ಅರ್ಧ ಗಂಟೆ ನಿಲ್ಲುವುದು ರೂಢಿಯಾಯಿತು. ಅವರ ಮುತ್ತಜ್ಜ ಸ್ಕಾಟ್ಲೆಂಡಿನಲ್ಲಿ ಕೈಮಗ್ಗದ ನೇಕಾರ. ಮಿಲ್ಲುಗಳು ಬಂದು ಮಗ್ಗ ಮೂಲೆ ಸೇರಿದಾಗ, ಹೆಂಡತಿಯನ್ನೂ ನಾಲ್ಕು ಮಕ್ಕಳನ್ನೂ ಕಟ್ಟಿಕೊಂಡು ಗ್ಲಾಸ್ಗೋದಲ್ಲಿ ಹಡಗು ಹತ್ತಿದ. ಹಿರಿಯವಳು ಒಂಬತ್ತು ವರ್ಷದ ಹುಡುಗಿ, ಒಂದು ಕಾಲು ಕುಂಟು. ಅವಳು ದಾರಿಯಲ್ಲಿ ಜ್ವರ ಬಂದು ತೀರಿಕೊಂಡಳು. ಹಾಯಿಬಟ್ಟೆ, ಕಲ್ಲು, ಹಲಗೆ ಅವಳ ಪಾಲಿನದು. ಉಳಿದವರು ಅಯೋವಾ ಮುಟ್ಟಿದರು. ಅಲ್ಲಿ ಮರವೇ ಇಲ್ಲ. ಹುಲ್ಲುನೆಲವನ್ನು ಬೇರಿನ ಸಮೇತ ಹೆಂಟೆ ಹೆಂಟೆಯಾಗಿ ಕತ್ತರಿಸಿ, ಇಟ್ಟಿಗೆಯಂತೆ ಜೋಡಿಸಿ ಮನೆ ಕಟ್ಟಿದರು. ಮಳೆ ನಿಂತ ಮೇಲೂ ಮೂರು ದಿನ ಆ ಮನೆಯೊಳಗೆ ತೊಟ್ಟಿಕ್ಕುತ್ತಿತ್ತಂತೆ. ನೇಯುವುದು ಬಿಟ್ಟು ಬೇರೆ ಗೊತ್ತಿಲ್ಲದ ಮುತ್ತಜ್ಜ ಮೊದಲನೇ ವರ್ಷ ಬೀಜವನ್ನು ತೀರಾ ಆಳಕ್ಕೆ ಬಿತ್ತಿ ಬೆಳೆ ಕಳೆದುಕೊಂಡ. ಎರಡನೇ ವರ್ಷ ಮಿಡತೆ ಬಂತು. ಪೈರನ್ನಷ್ಟೇ ಅಲ್ಲ, ಬೆವರಿನ ಉಪ್ಪಿಗೆ ಗುದ್ದಲಿಯ ಹಿಡಿಯನ್ನೂ ಕೆರೆದು ತಿಂದವಂತೆ. ಮೂರನೇ ವರ್ಷಕ್ಕೆ ನೆಲ ಒಲಿಯಿತು.

ಒಮ್ಮೆ ಅವರನ್ನು ಫ್ರೀಮ್ಯಾಂಟಲ್‌ಗೆ ಕರೆದುಕೊಂಡು ಹೋಗಿದ್ದೆ. ಬಂದರಿನ ಬೇಲಿಯ ಹತ್ತಿರ ಗಾಲಿಕುರ್ಚಿ ನಿಲ್ಲಿಸಿದಾಗ ಕ್ರೇನಿನ ಸದ್ದು ಕೇಳುತ್ತ ಹೇಳಿದರು, "ನಮ್ಮ ಮನೆತನದಲ್ಲಿ ಒಂದು ಮಾತಿದೆ. ನಾವು ಯಾರನ್ನೂ ಹಿಂದೆ ಬಿಟ್ಟು ಬರೋರಲ್ಲ. ದೇವರು ಕಿತ್ತುಕೊಂಡರೆ ಬೇರೆ ಮಾತು."

ನಾನು ಆ ಮಾತನ್ನೂ ಟೈಪ್ ಮಾಡಿದೆ.

ಮರುವರ್ಷ ಮೈಸೂರಿನಲ್ಲಿ ಅಮ್ಮ ತೀರಿಕೊಂಡಳು. ಅಪ್ಪ ಮೊದಲೇ ಹೋಗಿದ್ದರು. ಈಗ ನಾನು ಪರ್ತ್‌ನಲ್ಲಿ ಯಾರಿಗೂ ಹೇಳದಿದ್ದ ಒಂದು ವಿಷಯ ಹೇಳಬೇಕು. ನನಗೆ ಮೂರು ವರ್ಷ ದೊಡ್ಡವಳಾದ ಒಬ್ಬ ಅಕ್ಕ ಇದ್ದಾಳೆ. ಹುಟ್ಟುವಾಗ ಉಸಿರು ಸಿಕ್ಕಿಕೊಂಡು ಅವಳ ಬುದ್ಧಿ ಏಳೆಂಟು ವರ್ಷಕ್ಕೆ ನಿಂತುಬಿಟ್ಟಿತು. ಒಗೆದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಾಳೆ, ರೇಡಿಯೋ ಕೇಳುತ್ತಾಳೆ, ಬೀದಿಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಾಳೆ. ಅಮ್ಮ ಇರುವವರೆಗೂ ಅವಳ ಸೆರಗಿನ ಹಿಂದೆಯೇ ಇದ್ದಳು. ಪರ್ತ್‌ನಲ್ಲಿ ಕನ್ನಡದ ಹೆಂಗಸರು ಹಬ್ಬಕ್ಕೆ ಸೇರಿದಾಗ "ನಿಮ್ಗೆ ಒಡಹುಟ್ಟಿದೋರು ಯಾರೂ ಇಲ್ವೇನ್ರೀ?" ಅಂತ ಕೇಳಿದರೆ ನಾನು "ಇಲ್ಲ, ನಾನೊಬ್ಳೇ" ಅಂದಿದ್ದೆ. ಯಾಕೆ ಹಾಗಂದೆನೋ. ಮೊದಲ ಸಲ ಬಾಯಿತಪ್ಪಿ ಬಂತು ಅಂತಲೇ ಇಟ್ಟುಕೊಳ್ಳೋಣ. ಎರಡನೇ ಸಲ ಬಾಯಿ ತಪ್ಪಿರಲಿಲ್ಲ.

ಅಮ್ಮನ ಕಾರ್ಯ ಮುಗಿದ ಮೇಲೆ ಅಕ್ಕನನ್ನು ನಂಜನಗೂಡು ರಸ್ತೆಯ ಕಡೆ ಇದ್ದ ಒಂದು ಆಶ್ರಯಧಾಮಕ್ಕೆ ಸೇರಿಸಿದೆ. ಒಳ್ಳೆಯ ಜಾಗ, ಚೊಕ್ಕಟವಾಗಿತ್ತು. ಬಾಗಿಲಲ್ಲಿ ಅವಳು ನನ್ನ ಕೈ ಬಿಡಲಿಲ್ಲ.

"ನಾನೂ ಬರ್ತೀನಿ ಕಣೇ, ವಿಮಾನದಲ್ಲಿ."

"ಕರ್ಕೊಂಡ್ ಹೋಗ್ತೀನಿ ಅಕ್ಕ. ಟಿಕೆಟ್ ಮಾಡಿಸ್ಬೇಕು, ಸ್ವಲ್ಪ ದಿನ ಆಗುತ್ತೆ."

"ಎಷ್ಟ್ ದಿನ?"

"ಸ್ವಲ್ಪ ದಿನ."

ವಾಪಸ್ ಬಂದು ಗಂಡನ ಹತ್ತಿರ ಮಾತೆತ್ತಿದೆ. ಅವನು ಕೆಟ್ಟವನಲ್ಲ. "ಈಗ್ಲೇ ಬೇಡ ಕಣೇ. ಮೊದ್ಲು ಸಿಟಿಜನ್‌ಶಿಪ್ ಆಗ್ಲಿ. ಅವ್ಳ ಮೆಡಿಕಲ್ ರಿಪೋರ್ಟ್ ನೋಡಿದ್ರೆ ವೀಸಾ ಕೊಡ್ತಾರಾ? ನಮ್ದೂ ಎಲ್ಲೋ ಸಿಕ್ಹಾಕ್ಕೊಂಡ್ರೆ?" ಅಂದ. ನನಗೆ ಒಳಗೊಳಗೇ ಹಗುರವಾಯಿತು. ಬೇಡ ಎಂದವನು ಅವನು, ನಾನಲ್ಲ ಎಂದುಕೊಳ್ಳಬಹುದಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ಅಕ್ಕನ ಮೊದಲ ಮಾತು "ಟಿಕೆಟ್ ತಗೊಂಡ್ಯಾ?" "ಇನ್ನೂ ಇಲ್ಲ ಅಕ್ಕ," ಎನ್ನುತ್ತಿದ್ದೆ. ವೀಸಾದ ಅರ್ಜಿಯನ್ನು ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ.

ಗಣಿಗಳಲ್ಲಿ ಕೆಲಸ ಕಡಿಮೆಯಾಗಿ ಗಂಡನ ಕೆಲಸ ಹೋಯಿತು. ಎಂಟು ತಿಂಗಳ ಅಲೆದಾಟದ ಮೇಲೆ ಅಡಿಲೇಡ್‌ನಲ್ಲಿ ಒಂದು ಸಿಕ್ಕಿತು. ಹೊರಡುವ ಮುಂಚೆ ಅಜ್ಜಿಗೆ ಹೇಳಲು ಹೋದಾಗ ಅವರು ಅಳಲಿಲ್ಲ, ಖುಷಿಪಟ್ಟರು. "ಅಡಿಲೇಡಾ? ನನ್ನ ಮಗನ ಗ್ಯಾರೇಜಿನಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅಯೋವಾದ ಮನೆ ಮಾರಿದಾಗ ಬಂದದ್ದು. ಅದರಲ್ಲಿ ನಮ್ಮ ಬೈಬಲ್ ಇದೆ, ಕಾಗದ ಪತ್ರ ಇವೆ. ಅವನಿಗೆ ಬಿಡುವಿಲ್ಲ. ಎಲ್ಲರ ಹುಟ್ಟು ಸಾವಿನ ದಿನ ಬೈಬಲ್ಲಿನ ಮೊದಲ ಪುಟದಲ್ಲಿ ಬರೆದಿದ್ದಾರೆ. ನೋಡಿ ಸರಿಮಾಡಿ ಕೊಡು. ಪುಸ್ತಕ ಮುಗಿದ ಹಾಗೆ."

ಅಡಿಲೇಡ್ ಸೇರಿ ಮನೆ ಹಿಡಿದು, ಮಗಳನ್ನು ಹೊಸ ಸ್ಕೂಲಿಗೆ ಹಾಕಿ, ಒಂದು ಶನಿವಾರ ಅವರ ಮಗನ ಮನೆಗೆ ಹೋದೆ. ಅರವತ್ತರ ಆಸುಪಾಸಿನ ಮೌನದ ಮನುಷ್ಯ. ಪೆಟ್ಟಿಗೆಯ ಮೇಲಿದ್ದ ಪೇಂಟ್ ಡಬ್ಬಗಳನ್ನು ಪಕ್ಕಕ್ಕಿಟ್ಟು, ಒಂದು ಮಡಚುವ ಕುರ್ಚಿ ತಂದುಕೊಟ್ಟು, ಹುಲ್ಲು ಕತ್ತರಿಸಲು ಹೋದ.

ಬೈಬಲ್ಲಿನ ಪುಟದಲ್ಲಿ ನಾಲ್ಕು ಮಕ್ಕಳ ಹೆಸರಿದ್ದವು. ಹಿರಿಯ ಹುಡುಗಿಯ ಹೆಸರಿನ ಮುಂದೆ ಒಂದು ತಾರೀಖು, ಅದರ ಮುಂದೆ "ಇಂದು ನಮ್ಮಿಂದ ಅಗಲಿದಳು" ಎಂಬ ಅರ್ಥದ ಒಂದು ಸಾಲು. ಇಂಗ್ಲಿಷಿನ ಆ ಮಾತಿಗೂ ನಮ್ಮ ಮಾತಿಗೂ ಎರಡೆರಡು ಅರ್ಥ: ಸತ್ತಳು ಎಂದೂ ಆಗುತ್ತದೆ, ಬೇರೆಯಾದಳು ಎಂದೂ ಆಗುತ್ತದೆ. ಅದೇ ಪುಟದ ಕೆಳಗೆ ಹಡಗು ಹೊರಟ ದಿನವನ್ನೂ ಬರೆದಿದ್ದರು. ಎರಡೂ ಒಂದೇ ತಾರೀಖು. ಹೊರಟ ದಿನವೇ ಜ್ವರ ಬಂದು ಸಾಯುವುದು ಹೇಗೆ? ಬರೆದವರ ಕೈ ತಪ್ಪಿರಬೇಕು ಅಂದುಕೊಂಡೆ.

ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿದ ಒಂದು ಕಟ್ಟು ಸಿಕ್ಕಿತು. ಹದಿನಾಲ್ಕು ಕಾಗದಗಳು. ಎಲ್ಲವೂ ಸ್ಕಾಟ್ಲೆಂಡಿನಿಂದ ಬಂದವು. ಮೊದಲನೆಯದು ಹುಡುಗಿಯನ್ನು ತನ್ನ ಮನೆಯಲ್ಲಿಟ್ಟುಕೊಂಡ ಚಿಕ್ಕಮ್ಮನ ಕೈಬರಹ: ಜ್ವರ ಇಳಿದಿದೆ, ಹುಡುಗಿ ದಿನವೆಲ್ಲ ನಿಮ್ಮನ್ನೇ ಕೇಳುತ್ತಾಳೆ, ಹಡಗಿನ ಡಾಕ್ಟರು ಜ್ವರವನ್ನೂ ಕುಂಟುಕಾಲನ್ನೂ ನೋಡಿ ಅವಳನ್ನು ತಡೆದದ್ದು ನಿಮ್ಮ ತಪ್ಪಲ್ಲ, ಉಳಿದವರ ಟಿಕೆಟ್ಟೂ ಹೋಗುತ್ತಿತ್ತಲ್ಲ, ಮುಂದಿನ ಬೇಸಿಗೆಗೆ ಕರೆಸಿಕೊಂಡರಾಯಿತು. ಎರಡನೆಯದರಿಂದ ಅಕ್ಷರ ದಪ್ಪ, ಸಾಲು ಡೊಂಕು. ಅದು ಹುಡುಗಿಯದೇ ಕೈ.

"ಅಮ್ಮಾ, ನನ್ನ ಕಾಲು ಈಗ ಚೆನ್ನಾಗಿದೆ. ಅಂಗಡಿಯವರೆಗೆ ಕೋಲಿಲ್ಲದೆ ಹೋಗಿ ಬರುತ್ತೇನೆ. ಹಡಗಿನ ಡಾಕ್ಟರಿಗೆ ಇದನ್ನು ಬರೆದು ತಿಳಿಸಿ."

ನಾನು ಗ್ಯಾರೇಜಿನಲ್ಲಿ ಕೂತೇ ಇದ್ದೆ. ಹುಲ್ಲು ಕತ್ತರಿಸುವ ಯಂತ್ರ ನಿಂತದ್ದೂ ತಿಳಿಯಲಿಲ್ಲ. ಆ ಮನುಷ್ಯ ಬಂದು ನೀರು ಬೇಕೇ ಎಂದ. ಕಾಗದಗಳ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದೆ. ಧಾರಾಳವಾಗಿ ಎಂದ, ಏನು ಬರೆದಿದೆ ಎಂದು ಕೇಳಲಿಲ್ಲ.

ಮರುದಿನ ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಮೆತ್ತಗೆ ಹೇಳಬೇಕಿತ್ತೇನೋ. ಇದನ್ನು ಹುಡುಕಿದ್ದು ನಾನೇ ಎಂಬ ಹುರುಪೂ ಒಂದಿಷ್ಟಿತ್ತು, ಸುಳ್ಳಾಡುವುದಿಲ್ಲ.

"ನೀನು ತಪ್ಪು ಓದಿದ್ದೀಯ," ಅಂದರು. "ಹಳೇ ಕೈಬರಹ. ನಿನಗೆ ಅದು ಅಭ್ಯಾಸ ಇಲ್ಲ."

"ಹದಿನಾಲ್ಕು ಕಾಗದ ಇವೆ. ಕೊನೇದರಲ್ಲಿ ಅವಳಿಗೆ ಇಪ್ಪತ್ತು ವರ್ಷ."

"ನನ್ನ ಅಪ್ಪ ಅದನ್ನ ಹೇಳುವಾಗ ಅಳ್ತಿದ್ದ. ಅವನ ಅಪ್ಪ ಆರು ವರ್ಷದ ಹುಡುಗ ಆಗಿದ್ದ, ಆ ಹಡಗಿನಲ್ಲೇ ಇದ್ದ. ಅವನು ಸುಳ್ಳು ಹೇಳಿದನಾ? ನೀನು ಹೊರಗಿನವಳು. ನಿನಗೆ ನಮ್ಮವರು ಏನು ಗೊತ್ತು?"

ಫೋನ್ ಇಟ್ಟರು. ಮೂರು ವರ್ಷ ಅವರ ಬೆನ್ನುಜ್ಜಿದ್ದೆ ನಾನು. ಆದರೂ ಹೊರಗಿನವಳು ಎಂದದ್ದು ಸುಳ್ಳಲ್ಲವಲ್ಲ. ಆಮೇಲೆ ಯೋಚಿಸಿದೆ: ಆರು ವರ್ಷದ ಹುಡುಗ, ಅಕ್ಕ ಎಲ್ಲಿ ಎಂದು ಹಡಗಿನಲ್ಲಿ ಕೇಳಿರುತ್ತಾನೆ. ಅವನಿಗೆ ಯಾರೋ ಏನೋ ಹೇಳಿರುತ್ತಾರೆ. ಅದೇ ಹಡಗಿನಲ್ಲಿ ಬೇರೆ ಯಾರದೋ ಮಗುವನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಸಮುದ್ರಕ್ಕೆ ಹಾಕಿದ್ದನ್ನು ಅವನು ನೋಡಿದ್ದಿರಬಹುದು. ಇರಬಹುದು ಅಷ್ಟೇ, ಗೊತ್ತಿಲ್ಲ.

ಐದು ವಾರ ಸುದ್ದಿಯಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರೇ ಫೋನ್ ಮಾಡಿದರು. ಕ್ಷಮೆ ಕೇಳಲಿಲ್ಲ.

"ಅವಳು ಇನ್ನೇನು ಬರೆದಿದ್ದಾಳೆ? ಓದು."

ಅಂದಿನಿಂದ ಭಾನುವಾರಕ್ಕೆ ಒಂದರಂತೆ ಓದಿದೆ. ಜಾಸ್ತಿ ಓದಲು ಬಿಡುತ್ತಿರಲಿಲ್ಲ. ಒಂದರಲ್ಲಿ ಹುಡುಗಿ, ತಮ್ಮಂದಿರು ಎಷ್ಟು ಎತ್ತರವಾಗಿದ್ದಾರೆ ಎಂದು ನೂಲಿನಲ್ಲಿ ಅಳೆದು ಕಳಿಸಿ ಎಂದು ಕೇಳಿದ್ದಳು. ಮುಂದಿನದರಲ್ಲಿ ನೂಲು ಬಂದು ಸೇರಿತು, ಬಾಗಿಲ ಪಕ್ಕ ಮೊಳೆ ಹೊಡೆದು ಇಳಿಬಿಟ್ಟಿದ್ದೇನೆ ಎಂದಿದ್ದಳು. ಇನ್ನೊಂದರಲ್ಲಿ, ನೀವು ಕಳಿಸಿದ ಜೋಳದ ಕಾಳು ಇಲ್ಲಿ ಮೊಳೆಯಲಿಲ್ಲ, ನಾನು ಬಹಳ ನೀರು ಹಾಕಿದೆನೆಂದು ಚಿಕ್ಕಮ್ಮ ಬೈದಳು ಎಂದು. ಮಿಡತೆಯ ವರ್ಷದಲ್ಲಿ, ಈ ಸಲ ಕರೆಸಲು ಆಗಲಿಲ್ಲವೆಂದು ತಿಳಿಯಿತು, ಬೇಜಾರಿಲ್ಲ ಎಂದು. ತಾಯಿ ಏನು ಬರೆಯುತ್ತಿದ್ದಳೋ, ಆ ಕಾಗದಗಳು ಸಮುದ್ರದ ಆಚೆ ಉಳಿದವು. ಹದಿಮೂರಕ್ಕೆ ಹುಡುಗಿ ನೂಲಿನ ಮಿಲ್ಲಿಗೆ ಸೇರಿದಳು. ಆಮೇಲಿನ ಕಾಗದಗಳು ಚಿಕ್ಕವು.

ಕೊನೆಯದು ಆರೇ ಸಾಲು. "ನನ್ನನ್ನು ಕರೆಸುವ ವಿಷಯ ಇನ್ನು ಬರೆಯಬೇಡಿ. ಕಣ್ಣು ಮಂಜಾಗಿ ಓದಿ ಹೇಳು ಎಂದು ಚಿಕ್ಕಮ್ಮ ಕೇಳುತ್ತಾಳೆ, ಓದಿದರೆ ಇಬ್ಬರಿಗೂ ಆಗದು. ಮಳೆ ಬಂತೇ, ಬೆಳೆ ಬಂತೇ, ಅದನ್ನು ಬರೆಯಿರಿ."

"ಆಮೇಲೆ?" ಅಜ್ಜಿ ಕೇಳಿದರು.

"ಆಮೇಲೆ ಇಲ್ಲ."

"ಪೆಟ್ಟಿಗೆಯಲ್ಲಿ ಇನ್ನೊಮ್ಮೆ ನೋಡು."

"ಎರಡು ಸಲ ನೋಡಿದೆ. ಇಲ್ಲ."

ನಾನು ತಡೆಯಲಾರದೆ ಸಿಟ್ಟಿನಿಂದಲೇ ಹೇಳಿಬಿಟ್ಟೆ, "ಹನ್ನೊಂದು ವರ್ಷ! ಅಷ್ಟು ವರ್ಷದಲ್ಲಿ ಒಂದು ಸಲವಾದರೂ ಕರೆಸಿಕೊಳ್ಳಬಹುದಿತ್ತು. ಹೊಲ ಕೊಂಡರು, ದೊಡ್ಡ ಮನೆ ಕಟ್ಟಿದರು."

"ಅವರ ಮೇಲೆ ನಿನಗೆ ಯಾಕೆ ಇಷ್ಟು ಸಿಟ್ಟು?"

ಆಗ ಅಕ್ಕನ ವಿಷಯ ಹೇಳಿದೆ. ಗಂಡ, ಮಗಳ ಹೊರತು ಈ ದೇಶದಲ್ಲಿ ನಾನು ಹೇಳಿದ್ದು ಅವರೊಬ್ಬರಿಗೇ. ಅರ್ಜಿ ತೆರೆದು ನೋಡಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ಗಂಡನಿಗೂ ಹೇಳಿರಲಿಲ್ಲ.

ಅವರು ಹೇಳಿದರು, "ಹೋಗಿ ನೋಡಿಕೊಂಡು ಬಾ. ಫೋನ್ ಮಾಡಬೇಡ, ಹೋಗು."

ಹೋದೆ. ಮೂರು ವರ್ಷದ ಮೇಲೆ ಆಶ್ರಯಧಾಮದ ಗೇಟಿನೊಳಗೆ ಕಾಲಿಟ್ಟಾಗ ಅಕ್ಕ ಜಗಲಿಯಲ್ಲಿ ಒಣಗಿದ ಟವೆಲ್‌ಗಳನ್ನು ಮಡಿಸುತ್ತಿದ್ದಳು. ಕೂದಲು ಚಿಕ್ಕದಾಗಿ ಕತ್ತರಿಸಿದ್ದರು. ಅಮ್ಮ ಅದಕ್ಕೆ ದಿನಾ ಎಣ್ಣೆ ಹಾಕಿ ಹೆಣೆಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಅಪ್ಪಿಕೊಳ್ಳಲಿಲ್ಲ, ಒಳಗೆ ಓಡಿದಳು. ಒಂದು ಬಟ್ಟೆಯ ಚೀಲ ಹಿಡಿದು ಬಂದಳು.

"ನಡಿ, ಹೋಗೋಣ," ಅಂದಳು.

ಅಲ್ಲಿನ ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದು, "ಮೊದಲ ವರ್ಷ ಪ್ರತಿ ಭಾನುವಾರ ಫೋನ್ ಆದ್ಮೇಲೆ ಆ ಚೀಲ ಕಟ್ಕೊಂಡು ಗೇಟ್ ಹತ್ರ ಕೂತ್ಕೊಂಬಿಡೋರು ಮೇಡಂ. ನಿಮ್ಗೆ ಬೇಜಾರಾಗುತ್ತೆ ಅಂತ ನಾವು ಹೇಳ್ಲಿಲ್ಲ," ಎಂದರು.

ಹತ್ತು ದಿನ ಇದ್ದೆ. ಅಕ್ಕನನ್ನು ಹೋಟೆಲಿಗೆ ಕರೆದುಕೊಂಡು ಬಂದು ಜೊತೆಯಲ್ಲಿಟ್ಟುಕೊಂಡೆ. ಹನ್ನೊಂದನೇ ದಿನ ಮತ್ತೆ ಗೇಟಿನ ಹತ್ತಿರ ಬಿಟ್ಟಾಗ ಅವಳಿಗೆ ಅರ್ಥವಾಯಿತು. ಕೂಗಾಡಿದಳು. ನನ್ನ ಮುಂಗೈಯನ್ನು ಕಚ್ಚಿದಳು. ಅವಳು ಚಿಕ್ಕವಳಿದ್ದಾಗಲೂ ಯಾರನ್ನೂ ಕಚ್ಚಿದವಳಲ್ಲ.

ಅಡಿಲೇಡ್‌ಗೆ ಬಂದವಳೇ ಅರ್ಜಿ ತೆರೆದೆ. ಗಂಡ ಪಕ್ಕದಲ್ಲಿ ಕೂತು ಕಾಗದಗಳನ್ನು ಸ್ಕ್ಯಾನ್ ಮಾಡಿಕೊಟ್ಟ. ಇಲ್ಲೇ ಉಳಿಯುವ ವೀಸಾ ಅಕ್ಕನಂಥವರಿಗೆ ಸಿಗುವ ದಾರಿಯೇ ಕಾಣಲಿಲ್ಲ, ಅದಕ್ಕೆ ಮೂರು ತಿಂಗಳ ಭೇಟಿಗೆಂದು ಹಾಕಿದೆವು. ಮೆಡಿಕಲ್ ಕೇಳಿದರು, ಕೊಟ್ಟೆವು. ಅವಳು ವಾಪಸ್ ಹೋಗುತ್ತಾಳೆಂಬುದಕ್ಕೆ ಆಧಾರ ಕೇಳಿದರು. ಯಾರ ಹತ್ತಿರ ವಾಪಸ್ ಹೋಗುತ್ತಾಳೆ? ನಿರಾಕರಿಸಿದ ಇಮೇಲ್ ಬಂದ ದಿನ ಮಗಳು ನನ್ನ ಹೆಗಲ ಮೇಲಿಂದ ಓದಿ, "ಬಟ್ ಶಿ ಈಸ್ ಯುವರ್ ಸಿಸ್ಟರ್," ಎಂದಳು. ನಾನು ಕನ್ನಡದಲ್ಲಿ "ಹೌದು" ಎಂದೆ. ಮರುವರ್ಷ ಮತ್ತೆ ಹಾಕಿದೆವು. ಮತ್ತೆ ಅದೇ ಉತ್ತರ.

ಇದರ ನಡುವೆ ಪರ್ತ್‌ನಲ್ಲಿ ಅಜ್ಜಿ ನಿದ್ದೆಯಲ್ಲೇ ಹೋದರು. ಕೆಲವು ತಿಂಗಳ ಮೇಲೆ ಅವರ ಮಗಳಿಂದ ಕರೆ ಬಂತು: ಪುಸ್ತಕ ಅಚ್ಚಾಗಿದೆ, ಅಯೋವಾದಿಂದ ನೆಂಟರು ಬರುತ್ತಾರೆ, ನೀವು ಬರಲೇಬೇಕು. ಬ್ರಿಸ್ಬೇನ್‌ಗೆ ಹೋದೆ. ರನ್‌ಕಾರ್ನ್‌ನಲ್ಲಿ ಅವರ ಮನೆ. ಸೆಕೆಗೆ ಬಾಗಿಲು ಕಿಟಕಿ ಎಲ್ಲ ತೆರೆದಿದ್ದವು. ಮೇಜಿನ ಮೇಲೆ ಕೇಕು, ಅದರ ಪಕ್ಕ ಪುಸ್ತಕದ ರಾಶಿ. ನನ್ನ ವಾಕ್ಯಗಳೇ, ಅಲ್ಲಲ್ಲಿ ತಿದ್ದಿದ್ದವು. ಹಡಗಿನ ಅಧ್ಯಾಯ ತೆಗೆದೆ. ಹಾಯಿಬಟ್ಟೆ, ಕಲ್ಲು, ಹಲಗೆ. ಹಾಗೇ ಇತ್ತು.

ಅಜ್ಜಿಯ ಮಗಳನ್ನು ಹಿತ್ತಿಲ ಕಡೆ ಕರೆದು ಕೇಳಿದೆ, ಕಾಗದಗಳ ವಿಷಯ ನಿಮಗೆ ತಿಳಿಯಲಿಲ್ಲವೇ ಎಂದು.

"ಗೊತ್ತು. ಅಮ್ಮ ಫೋನಿನಲ್ಲಿ ಹೇಳಿದಳು. ಸೇರಿಸು ಅಂತ ಎರಡು ಮೂರು ಸಲ ಹೇಳಿದಳು."

ಅವರು ಕೈಯಲ್ಲಿದ್ದ ತಟ್ಟೆಯನ್ನು ತಿರುಗಿಸುತ್ತ ನಿಂತರು.

"ನನ್ನ ಮೊಮ್ಮಕ್ಕಳು ಓದಲಿ ಅಂತ ಮಾಡಿಸಿದ ಪುಸ್ತಕ ಇದು. ಸತ್ತಳು ಅಂದರೆ ಅಳ್ತಾರೆ, ಆಮೇಲೆ ಸುಮ್ಮನಾಗ್ತಾರೆ. ಬಿಟ್ಟು ಬಂದರು ಅಂದರೆ ಯಾಕೆ ಅಂತ ಕೇಳ್ತಾರೆ. ಒಂದೇ ಸಲ ಅಲ್ಲ, ದೊಡ್ಡವರಾದ ಮೇಲೂ ಕೇಳ್ತಾರೆ. ಏನು ಹೇಳಲಿ? ನೀವೇ ಹೇಳಿ."

ಪುಸ್ತಕದ ಒಂದು ಪ್ರತಿ ತೆಗೆದುಕೊಂಡೆ, ಕೇಕು ತಿಂದೆ, ಅಯೋವಾದಿಂದ ಬಂದಿದ್ದ ಒಬ್ಬ ಎತ್ತರದ ಮನುಷ್ಯನ ಹತ್ತಿರ ಈ ವರ್ಷದ ಮಳೆಯ ವಿಷಯ ಮಾತಾಡಿದೆ. ಅವನ ಪಾಲಿನ ಹೊಲವನ್ನೂ ಮಾರಿಬಿಟ್ಟಿದ್ದನಂತೆ.

ಈಗ ಪ್ರತಿ ಡಿಸೆಂಬರ್ ನಾನು ಮೈಸೂರಿಗೆ ಹೋಗುತ್ತೇನೆ. ಆಶ್ರಯಧಾಮಕ್ಕೆ ಹತ್ತಿರದಲ್ಲೇ ಎರಡು ಕೋಣೆಯ ಮನೆ ಹಿಡಿದು, ಆರು ವಾರ ಅಕ್ಕನ ಜೊತೆ ಇರುತ್ತೇನೆ. ಅವಳ ಕೂದಲಿಗೆ ಎಣ್ಣೆ ಹಾಕುತ್ತೇನೆ, ಇಬ್ಬರೂ ಬೆಳಿಗ್ಗೆ ನಡೆದು ಹೋಗಿ ಹಾಲು ತರುತ್ತೇವೆ. ಟಿಕೆಟ್ ತಗೊಂಡ್ಯಾ ಎಂದು ಅವಳು ಈಗ ಕೇಳುವುದಿಲ್ಲ. ಯಾವಾಗ ನಿಲ್ಲಿಸಿದಳೋ, ನಾನು ಗಮನಿಸಲಿಲ್ಲ. ಕಳೆದ ಸಲ ಹೊರಡುವ ದಿನ ಅವಳನ್ನು ಬಿಡಲು ಹೋದಾಗ ಕೂಗಾಡಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಚಪ್ಪಲಿ ಬಿಟ್ಟು ಗೋಡೆಯ ಪಕ್ಕ ಜೋಡಿಸಿಟ್ಟಳು. "ಇವತ್ತು ಊಟಕ್ಕೆ ಏನ್ ಮಾಡಿದೀರಾ?" ಎಂದು ಅಡುಗೆಯವಳನ್ನು ಕೇಳುತ್ತ ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ನಿಂತಿದ್ದೆ. ಆಟೋದವನು ಹಾರ್ನ್ ಮಾಡಿದ.